ಗಾಯಕ ಮತ್ತು ಗುಮಾಸ್ತ

ಒಬ್ಬ ಧಣಿಗೆ ತನ್ನ ಲೆಕ್ಕ ಬರೆಯುವವನ ಮೇಲೆ ಸಂಶಯ ಬಂದರೆ ಏನು ಮಾಡಬೇಕು? ಕಿರ್ದಿ ಖಾತೆಗಳನ್ನು ಮುಂದಿಟ್ಟು ಕೇಳಬೇಕು. ಉತ್ತರ ಸಮಾಧಾನ ತರದಿದ್ದರೆ ತಿಳಿದ ಬೇರೊಬ್ಬನಿಂದ ಲೆಕ್ಕ ತಪಾಸಣೆ ಮಾಡಿಸಬೇಕು. ಅಲ್ಲಿಯೂ ಮೋಸ ಕಂಡುಬಂದರೆ ನ್ಯಾಯಾಲಯಕ್ಕೆ ಹೋಗಬೇಕು. ಪೇಟೆಯ ಚಿಕ್ಕ ಅಂಗಡಿಕಾರನಿಗೂ ಗೊತ್ತಿರುವ ದಾರಿ ಇದು. ಆದರೆ ಧಣಿಗೆ ಪೋಲೀಸರ ಸ್ನೇಹವಿದ್ದು, ಆ ಪೋಲೀಸರಿಗೆ ಯಾರ ಹೆದರಿಕೆಯೂ ಇಲ್ಲದ ಕಾಲ ನಡೆಯುತ್ತಿದ್ದರೆ ಈ ದಾರಿ ಬಲು ಸುತ್ತೆಂದು ತೋರುತ್ತದೆ. ಹತ್ತಿರದ ದಾರಿ ಬೇರೊಂದಿರುತ್ತದೆ.

೧೯೭೧ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬ್ರೆಜಿಲ್ ದೇಶದ ರಿಯೋ ಡಿ ಜನೈರೊ ನಗರದಲ್ಲಿ ಒಬ್ಬ ಧಣಿ ಈ ಹತ್ತಿರದ ದಾರಿ ಹಿಡಿದ. ಆತ ಗಿರಣಿಯ ಮಾಲೀಕನಲ್ಲ, ಕಾಫಿ ತೋಟದ ಜಮೀನ್ದಾರನೂ ಅಲ್ಲ. ಪರರ ಮನೆಯಲ್ಲಿ ಅಡಿಗೆ ಮಾಡಿ ಹೊಟ್ಟೆ ಹೊರೆದ ತಾಯಿಯ ಮಗ. ಗುಲಾಮರ ಸಂತತಿಯ ಕರಿಯ. ಆ ಹೊತ್ತಿಗೆ ಇಡೀ ದೇಶವನ್ನು ಕುಣಿಸುತ್ತಿದ್ದ ಹಾಡುಗಾರ. ಹೆಸರು ವಿಲ್ಸನ್ ಸಿಮೊನಾಲ್.

ಹಾಡುಗಾರನ ಕತೆಗೆ ಸಂಪಾದಕೀಯದ ಅಂಕಣವೇಕೆ ಎಂದು ಕೆಲವರು ಕೇಳಬಹುದು. ದುಡಿಯುವವನ ಪಗಾರಕ್ಕೂ ದೇಶದ ಪ್ರಜಾಸತ್ತೆಗೂ ಇರುವ ನಂಟನ್ನು ಈ ಹಾಡುಗಾರನ ಬಾಳಿನಷ್ಟು ಸ್ಪಷ್ಟವಾಗಿ ತೋರಿಸುವ ಸಂಗತಿಗಳು ಬಹಳ ಇಲ್ಲ. ನಮ್ಮಂತಹ ಪತ್ರಿಕೆಗಳು ಎಲ್ಲಿ ಎಡವುತ್ತವೆ ಎಂಬುದನ್ನೂ ಅದು ತೋರಿಸುತ್ತದೆ.

ಸಿಮೊನಾಲ್ ಹುಟ್ಟಿದ್ದು ೧೯೩೮ರಲ್ಲಿ, ರಿಯೋ ನಗರದಲ್ಲಿ. ಬಡತನದ ಬಾಲ್ಯ. ಸೈನ್ಯದಲ್ಲಿ ಸೇವೆ ಮಾಡುತ್ತಿದ್ದಾಗ ದಂಡಿನವರ ಕೂಟಗಳಲ್ಲಿ ಹಾಡಲು ತೊಡಗಿದ. ಹೊರಗೆ ಬಂದ ಮೇಲೆ ಕಾರ್ಲೋಸ್ ಇಂಪೀರಿಯಾಲ್ ಎಂಬ ಸಂಗೀತ ವ್ಯವಹಾರಸ್ಥನ ಕಣ್ಣಿಗೆ ಬಿದ್ದು, ಅವನ ಕಾರ್ಯದರ್ಶಿಯಾಗಿಯೂ ದುಡಿದ. ಮೊದಲ ಗ್ರಾಮಫೋನ್ ತಟ್ಟೆ ಬಂದದ್ದು ೧೯೬೧ರಲ್ಲಿ. ಕೋಪಕಬಾನಾ ಬಡಾವಣೆಯಲ್ಲಿ ‘ಬಾಟಲಿಗಳ ಓಣಿ’ ಎಂಬ ಅರ್ಥದ ಹೆಸರಿನ ಒಂದು ಗಲ್ಲಿಯಿತ್ತು. ರಾತ್ರಿ ಗದ್ದಲ ತಾಳಲಾರದೆ ಮೇಲಿನ ಮನೆಗಳವರು ಬಾಟಲಿ ಎಸೆಯುತ್ತಿದ್ದುದರಿಂದ ಆ ಹೆಸರು. ಅಲ್ಲಿನ ಸಣ್ಣ ಪಾನಗೃಹಗಳಲ್ಲಿ ಹಾಡಿ ಹಾಡಿ ಆತ ಪಳಗಿದ.

ಅವನ ಹಾಡುಗಾರಿಕೆಯ ಗುಟ್ಟೇನು? ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಸಾಂಬಾ ಎಂಬುದು ಆಫ್ರಿಕದಿಂದ ಸರಪಳಿ ಹಾಕಿ ತಂದವರ ಮಕ್ಕಳ, ಮೊಮ್ಮಕ್ಕಳ ಸಂಗೀತ. ಅಮೆರಿಕ ಖಂಡಗಳಲ್ಲಿ ಗುಲಾಮಗಿರಿಯನ್ನು ಎಲ್ಲರಿಗಿಂತ ಕೊನೆಗೆ, ೧೮೮೮ರಲ್ಲಿ, ಕೈಬಿಟ್ಟ ದೇಶ ಬ್ರೆಜಿಲ್. ಬಿಡುಗಡೆಯಾದವರಿಗೆ ಭೂಮಿ ಕೊಡಲಿಲ್ಲ, ಮನೆ ಕೊಡಲಿಲ್ಲ. ರಿಯೋದ ಬಡ ಕೇರಿಗಳಲ್ಲಿ, ಗುಡ್ಡಗಳ ಮೇಲಿನ ಗುಡಿಸಲುಗಳಲ್ಲಿ, ಡೋಲು ಮತ್ತು ನಮ್ಮ ಕಂಜಿರದ ಅಣ್ಣನಂತಿರುವ ಪಾಂಡೈರೊ ಎಂಬ ವಾದ್ಯದ ಮೇಲೆ ಈ ತಾಳ ಬೆಳೆಯಿತು. ಮೊದಮೊದಲು ಅದನ್ನು ಬಾರಿಸುವವರನ್ನು ಪೋಲೀಸರು ಬೆನ್ನಟ್ಟುತ್ತಿದ್ದರು. ಆಮೇಲೆ ಅದೇ ಸಾಂಬಾ ರಾಷ್ಟ್ರದ ಹೆಮ್ಮೆ ಎನಿಸಿತು. ಬಡವನ ಕೈಯಲ್ಲಿದ್ದಾಗ ಅಪರಾಧ, ದೊಡ್ಡವರ ದಿವಾನಖಾನೆಗೆ ಬಂದ ಮೇಲೆ ಕಲೆ!

ಇತ್ತ ಉತ್ತರ ಅಮೆರಿಕದ ಕರಿಯರು ತಮ್ಮ ಚರ್ಚುಗಳ ಭಜನೆಯನ್ನು ಬೀದಿಗೆ ತಂದು, ಪ್ರೇಮವನ್ನೂ ಸಂಕಟವನ್ನೂ ಅದೇ ಧಾಟಿಯಲ್ಲಿ ಹಾಡಿದರು. ಅದಕ್ಕೆ ‘ಸೋಲ್’ ಎಂದು ಹೆಸರಾಯಿತು. ಆತ್ಮ ಎಂದು ಅರ್ಥ. ನಮ್ಮಲ್ಲಿ ಶನಿವಾರ ರಾತ್ರಿಯ ಭಜನೆಗೆ ಕುಳಿತವರಿಗೆ ಇದರ ಮರ್ಮ ತಿಳಿಸಬೇಕಾಗಿಲ್ಲ. ಮುಂದಾಳು ಒಂದು ನುಡಿ ಎತ್ತುತ್ತಾನೆ, ಮೇಳ ಅದನ್ನು ಹಿಡಿಯುತ್ತದೆ, ಅವನು ಇನ್ನೊಂದು ಏರಿಸುತ್ತಾನೆ.

ಸಿಮೊನಾಲ್ ಈ ಎರಡನ್ನೂ ಬೆಸೆದ. ಸೀಜರ್ ಕಮಾರ್ಗೊ ಮರಿಯಾನೊ ಪಿಯಾನೋ ಬಾರಿಸುತ್ತಿದ್ದ ‘ಸೊಂ ತ್ರೇಸ್’ ಎಂಬ ಮೂವರ ಮೇಳ ಅವನ ಬೆನ್ನಿಗಿತ್ತು. ಮೇಲೆ ತುತ್ತೂರಿಗಳು, ಚಪ್ಪಾಳೆ. ತಾಳಕ್ಕಿಂತ ಕೂದಲೆಳೆ ಹಿಂದೆ ನಿಂತು ಹಾಡುವುದು, ಇನ್ನೇನು ತಪ್ಪಿದ ಎನ್ನುವಾಗ ಬಂದು ಸೇರಿಕೊಳ್ಳುವುದು ಅವನ ರೀತಿ. ಹಳೆಯ ಮಕ್ಕಳ ಪದಗಳನ್ನೂ, ಹಳ್ಳಿಯ ಪದಗಳನ್ನೂ ತೆಗೆದುಕೊಂಡು ಹೊಸ ಉಡುಪು ತೊಡಿಸಿದ. ಈ ಬಗೆಯ ಸಂಗೀತಕ್ಕೆ ಅವನೂ ಅವನ ಗೆಳೆಯರೂ ಇಟ್ಟ ಹೆಸರು ‘ಪಿಲಾಂತ್ರಾಜೆಮ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಪೋಕರಿತನ. ಜಾರ್ಜ್ ಬೆನ್ ರಚಿಸಿದ ‘ಪಯಿಸ್ ಟ್ರಾಪಿಕಾಲ್’ ಎಂಬ ಹಾಡನ್ನು ೧೯೬೯ರಲ್ಲಿ ಹಾಡುವಾಗ ಒಂದು ಕಡೆ ಪದಗಳ ಬಾಲವನ್ನೆಲ್ಲ ಕತ್ತರಿಸಿ ಬರೀ ತಲೆಯನ್ನಷ್ಟೇ ಉಚ್ಚರಿಸಿದ. ದೇಶದ ಮಕ್ಕಳೆಲ್ಲ ಹಾಗೆಯೇ ಮಾತನಾಡಲು ಹತ್ತಿದರು.

ಅದೇ ವರ್ಷದ ಜುಲೈ ತಿಂಗಳಲ್ಲಿ ಮರಕಾನಾಜಿನ್ಯೊ ಎಂಬ ಒಳಾಂಗಣ ಕ್ರೀಡಾ ಮಂದಿರದಲ್ಲಿ ಒಂದು ಕಚೇರಿ ನಡೆಯಿತು. ಅಂದಿನ ಮುಖ್ಯ ಅತಿಥಿ ಅಮೆರಿಕದಲ್ಲಿ ಹೆಸರು ಮಾಡಿ ಬಂದಿದ್ದ ಸರ್ಜಿಯೊ ಮೆಂಡೆಸ್. ಸಿಮೊನಾಲ್ ಅವನಿಗಿಂತ ಮೊದಲು ಹಾಡಬೇಕಾಗಿದ್ದವರಲ್ಲಿ ಒಬ್ಬ ಅಷ್ಟೆ. ಸೇರಿದ್ದ ಜನ ಸುಮಾರು ೩೦,೦೦೦ ಎಂದು ವರದಿಗಳು ಹೇಳುತ್ತವೆ. ಸಿಮೊನಾಲ್ ಆ ಜನಸ್ತೋಮವನ್ನು ಪಾಲು ಮಾಡಿ, ಈ ಕಡೆಯವರಿಗೆ ಒಂದು ಸ್ವರ, ಆ ಕಡೆಯವರಿಗೆ ಇನ್ನೊಂದು ಸ್ವರ ಹಂಚಿ, ಕೈಬೆರಳಿನ ಸನ್ನೆಯಿಂದ ಎಲ್ಲರನ್ನೂ ಹಾಡಿಸಿದ. ಅಂದಿನ ಮೇಲುಗೈ ಮುಖ್ಯ ಅತಿಥಿಯದಾಗಲಿಲ್ಲ. ಆ ಬೆರಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಶೆಲ್ ಎಣ್ಣೆ ಕಂಪನಿ ಅವನೊಡನೆ ಜಾಹೀರಾತಿನ ಕರಾರು ಮಾಡಿಕೊಂಡಿತು. ೧೯೭೦ರಲ್ಲಿ ವಿಶ್ವ ಫುಟ್ಬಾಲ್ ಪಂದ್ಯಗಳಿಗಾಗಿ ಬ್ರೆಜಿಲ್ ತಂಡ ಮೆಕ್ಸಿಕೊಗೆ ಹೋದಾಗ ಈತನೂ ಅಲ್ಲಿದ್ದ. ಅಮೆರಿಕದ ಹೆಸರಾಂತ ಗಾಯಕಿ ಸಾರಾ ವಾನ್ ಜೊತೆ ಟೆಲಿವಿಷನ್ನಿನಲ್ಲಿ ಹಾಡಿದ. ತನ್ನ ವ್ಯವಹಾರಕ್ಕಾಗಿ ತನ್ನದೇ ಹೆಸರಿನ ಕಂಪನಿ ತೆರೆದ. ಮರ್ಸಿಡಿಸ್ ಕಾರಿನಲ್ಲಿ ಓಡಾಡಿದ. ಕರಿಯನೊಬ್ಬ ಮರ್ಸಿಡಿಸ್ ಕಾರಿನಲ್ಲಿ ಹಿಂದಿನ ಆಸನದಲ್ಲಿ ಕುಳಿತು ಹೋಗುವುದನ್ನು ಸಹಿಸಲಾರದವರು ಆ ದೇಶದಲ್ಲಿ ಬೇಕಾದಷ್ಟು ಜನ ಇದ್ದರು. ಜನಾಂಗಭೇದವೇ ನಮ್ಮಲ್ಲಿಲ್ಲ ಎಂದು ಜಂಬ ಕೊಚ್ಚಿಕೊಳ್ಳುವ ದೇಶ ಅದು. ಸಿಮೊನಾಲ್ ೧೯೬೭ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಇನ್ನೂ ಬದುಕಿದ್ದಾಗಲೇ, ಅವರ ಗೌರವಾರ್ಥ ಒಂದು ಹಾಡು ಕಟ್ಟಿ ಟೆಲಿವಿಷನ್ನಿನಲ್ಲಿ ಹಾಡಿದ. ತಾನು ಪಟ್ಟ ಪಾಡು ತನ್ನ ಮಗನಿಗೆ ಬಾರದಿರಲಿ ಎಂದು ಹೇಳಿಕೊಂಡು ಅದನ್ನು ಮಗನಿಗೆ ಅರ್ಪಿಸಿದ. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ಏಕೆಂದರೆ ಕಾಲ ಹೇಗಿತ್ತು? ೧೯೬೪ರಲ್ಲಿ ಸೇನಾಪತಿಗಳು ಚುನಾಯಿತ ಸರಕಾರವನ್ನು ಕಿತ್ತೆಸೆದು ಗದ್ದುಗೆ ಏರಿದ್ದರು. ೧೯೬೮ರ ಡಿಸೆಂಬರ್ ೧೩ರಂದು ಹೊರಡಿಸಿದ ಐದನೆಯ ಸಂಸ್ಥಾ ಶಾಸನದಿಂದ ಉಳಿದ ಹಕ್ಕುಗಳೂ ಹೋದವು. ಪಾರ್ಲಿಮೆಂಟಿಗೆ ಬೀಗ, ಪತ್ರಿಕೆಗಳಿಗೆ ಕತ್ತರಿ, ರಾಜಕೀಯ ಆಪಾದನೆ ಹೊತ್ತವನಿಗೆ ಹೇಬಿಯಸ್ ಕಾರ್ಪಸ್ ಅರ್ಜಿಯ ಆಸರೆಯೂ ಇಲ್ಲ. ಗಾಯಕರಾದ ಕೇಟಾನೊ ವೆಲೋಸೊ, ಜಿಲ್ಬರ್ಟೊ ಜಿಲ್ ಇಬ್ಬರೂ ಸೆರೆ ಸೇರಿ, ಆಮೇಲೆ ಲಂಡನ್ನಿಗೆ ಹೋಗಬೇಕಾಯಿತು. ಸಂಘ ಕಟ್ಟಿದವರು, ವಿದ್ಯಾರ್ಥಿಗಳು, ಪಾದ್ರಿಗಳು ಕೂಡ ಕಾಣೆಯಾಗುತ್ತಿದ್ದರು. ‘ರಾಜಕೀಯ ಮತ್ತು ಸಾಮಾಜಿಕ ಸುವ್ಯವಸ್ಥೆಯ ಇಲಾಖೆ’ ಎಂಬ ಸೊಗಸಾದ ಹೆಸರಿನ ಪೋಲೀಸ್ ಶಾಖೆಯೊಂದಿತ್ತು. ಜನ ಅದನ್ನು ಚಿಕ್ಕದಾಗಿ ಡಾಪ್ಸ್ ಎನ್ನುತ್ತಿದ್ದರು. ಅದರ ಕೋಣೆಗಳಲ್ಲಿ ಏನು ನಡೆಯುತ್ತಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು.

ಇನ್ನು ಗುಮಾಸ್ತನ ಸಂಗತಿ. ಸಿಮೊನಾಲ್ ಕಂಪನಿಯ ಹಣ ನೀರಿನಂತೆ ಬಂದು ನೀರಿನಂತೆಯೇ ಹೋಗುತ್ತಿತ್ತು. ಒಂದು ದಿನ ನೋಡಿದರೆ ಪೆಟ್ಟಿಗೆ ಖಾಲಿ. ಲೆಕ್ಕಿಗನೇ ನುಂಗಿದ್ದಾನೆಂದು ಸಿಮೊನಾಲ್ ನಿಶ್ಚಯಿಸಿ ಅವನನ್ನು ಕೆಲಸದಿಂದ ತೆಗೆದ. ಲೆಕ್ಕಿಗನು, ನ್ಯಾಯವಾಗಿ ಏನು ಮಾಡಬೇಕೋ ಅದನ್ನೇ ಮಾಡಿದ. ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹೂಡಿದ. ಪ್ರಜಾಸತ್ತೆ ಇರಲಿ ಇಲ್ಲದಿರಲಿ, ಆ ದೇಶದಲ್ಲಿ ೧೯೪೦ರ ದಶಕದಿಂದ ಕಾರ್ಮಿಕ ನ್ಯಾಯಾಲಯಗಳಿದ್ದವು. ಕಾಗದದ ಮೇಲಾದರೂ ದುಡಿಯುವವನಿಗೆ ಹಕ್ಕುಗಳಿದ್ದವು.

ಸಿಮೊನಾಲ್ ನ್ಯಾಯಾಲಯಕ್ಕೆ ಉತ್ತರ ಕೊಡುವ ತನಕ ಕಾಯಲಿಲ್ಲ. ಅವನಿಗೆ ಡಾಪ್ಸ್ ಪೋಲೀಸರಲ್ಲಿ ಪರಿಚಯವಿತ್ತು. ಆಗಸ್ಟ್ ತಿಂಗಳ ಒಂದು ರಾತ್ರಿ ಗಾಯಕನದೇ ಕಾರಿನಲ್ಲಿ ಕೆಲವರು ಲೆಕ್ಕಿಗನ ಮನೆಗೆ ಬಂದರು. ಅವನನ್ನು ಕರೆದುಕೊಂಡು ಹೋದರು. ಡಾಪ್ಸ್ ಕಚೇರಿಯಲ್ಲಿ ಅವನನ್ನು ಹೊಡೆದರು, ಮೈಗೆ ವಿದ್ಯುತ್ತಿನ ತಂತಿ ತಾಕಿಸಿದರು, ಹಣ ಕದ್ದಿದ್ದೇನೆಂಬ ಕಾಗದಕ್ಕೆ ರುಜು ಹಾಕಿಸಿಕೊಂಡರು. ರಾಜಕೀಯ ಶತ್ರುಗಳಿಗಾಗಿ ಸರ್ವಾಧಿಕಾರ ಕಟ್ಟಿದ್ದ ಯಂತ್ರ ಹೀಗೆ ಒಂದು ಪಗಾರದ ವ್ಯಾಜ್ಯಕ್ಕೆ ಬಾಡಿಗೆಗೆ ಸಿಕ್ಕಿತು.

ನಮ್ಮ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಲೆಕ್ಕಿಗ ಕ್ರಾಂತಿಕಾರಿಯಲ್ಲ, ಪಕ್ಷದವನಲ್ಲ. ನಮಗೂ ರಾಜಕೀಯಕ್ಕೂ ಏನು ಸಂಬಂಧ, ನಮ್ಮ ಕೆಲಸ ನಾವು ಮಾಡಿಕೊಂಡಿದ್ದರೆ ಸಾಕು ಎನ್ನುವ ಸಾವಿರಾರು ಜನರಲ್ಲಿ ಒಬ್ಬ. ಸರ್ವಾಧಿಕಾರ ತಂಟೆಕೋರರನ್ನು ಮಾತ್ರ ಮುಟ್ಟುತ್ತದೆ ಎಂದು ನಂಬುವ ವ್ಯಾಪಾರಸ್ಥರು, ಗುಮಾಸ್ತರು ಎಲ್ಲ ದೇಶಗಳಲ್ಲೂ ಇದ್ದಾರೆ. ಪೋಲೀಸನ ಲಾಠಿಗೆ ಕಾನೂನಿನ ಅಂಕೆ ತಪ್ಪಿದರೆ ಆ ಲಾಠಿ ಧಣಿಯ ಸ್ನೇಹಿತನ ಕೈಗೂ ಹೋಗುತ್ತದೆಂಬುದನ್ನು ಅವರು ಕಂಡುಕೊಳ್ಳುವುದು ಆ ರಾತ್ರಿ ಕಾರು ತಮ್ಮ ಬಾಗಿಲಿಗೆ ಬಂದಾಗ.

ಆದರೆ ಈ ಪ್ರಕರಣ ಮುಚ್ಚಿಹೋಗಲಿಲ್ಲ. ಲೆಕ್ಕಿಗನ ಹೆಂಡತಿ ಧೈರ್ಯಗುಂದದೆ ಠಾಣೆಯಲ್ಲಿ ದೂರು ಕೊಟ್ಟಳು. ಆ ದಿನಗಳಲ್ಲಿ ಡಾಪ್ಸ್ ಪೋಲೀಸರ ವಿರುದ್ಧ ದೂರು ಬರೆಸುವುದೆಂದರೇನು ಎಂಬುದನ್ನು ಊಹಿಸಿಕೊಳ್ಳಬೇಕು. ಈ ಇಡೀ ವೃತ್ತಾಂತದಲ್ಲಿ ಅತ್ಯಂತ ದೊಡ್ಡ ಎದೆಗಾರಿಕೆ ಆ ಹೆಣ್ಣುಮಗಳದೇ ಎಂಬುದು ನಮ್ಮ ಅಭಿಪ್ರಾಯ. ಸುದ್ದಿ ಪತ್ರಿಕೆಗಳಿಗೆ ಹೋಯಿತು, ಮೊಕದ್ದಮೆ ನಡೆಯಿತು. ೧೯೭೪ರಲ್ಲಿ ಸಿಮೊನಾಲ್‌ಗೆ ಐದು ವರ್ಷಕ್ಕೂ ಹೆಚ್ಚಿನ ಶಿಕ್ಷೆಯಾಯಿತು. ಕೆಲವು ದಿನ ಮಾತ್ರ ಸೆರೆಯಲ್ಲಿದ್ದು ಹೊರಬಂದ. ಮೇಲಿನ ನ್ಯಾಯಾಲಯದಲ್ಲಿ ಶಿಕ್ಷೆ ತಗ್ಗಿತು.

ಇಷ್ಟಕ್ಕೇ ಮುಗಿದಿದ್ದರೆ ತಪ್ಪಿಗೆ ತಕ್ಕ ದಂಡವಾಯಿತೋ ಇಲ್ಲವೋ ಎಂಬುದಷ್ಟೇ ಚರ್ಚೆಯಾಗುತ್ತಿತ್ತು. ವಿಚಾರಣೆಯ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಲೆಕ್ಕಿಗನನ್ನು ಏಕೆ ಹಿಡಿದಿರೆಂದು ಕೇಳಿದಾಗ ಡಾಪ್ಸ್‌ನ ಒಬ್ಬ ಅಧಿಕಾರಿ, ಸಿಮೊನಾಲ್ ನಮ್ಮ ಬಾತ್ಮೀದಾರ ಎಂಬ ಅರ್ಥದ ಸಾಕ್ಷ್ಯ ನುಡಿದ. ಖಾಸಗಿ ವಸೂಲಿಗೆ ರಾಜ್ಯದ ಭದ್ರತೆಯ ಮುಸುಕು ಹಾಕಬೇಕಾಗಿತ್ತಲ್ಲ! ಸಿಮೊನಾಲ್ ಕೂಡ, ತಾನು ಬಲಪಂಥದವನು, ಪೋಲೀಸರಿಗೆ ಬೇಕಾದವನು ಎಂದು ಅದೇ ಕಡತದಲ್ಲಿ ಬಡಾಯಿ ಕೊಚ್ಚಿಕೊಂಡಿದ್ದ. ಬಡಾಯಿಯ ಬೆಲೆ ಆಮೇಲೆ ತಿಳಿಯಿತು.

ಬಾತ್ಮೀದಾರನಿಗೆ ಬ್ರೆಜಿಲ್ ಜನ ‘ಸೆಟೆದ ಬೆರಳಿನವನು’ ಎನ್ನುತ್ತಾರೆ, ತೋರಿಸಿಕೊಡುವ ಬೆರಳು. ರಿಯೋದಲ್ಲಿ ‘ಓ ಪಾಸ್ಕಿಂ’ ಎಂಬ ವಾರಪತ್ರಿಕೆಯಿತ್ತು. ೧೯೬೯ರಲ್ಲಿ ಹುಟ್ಟಿ, ಸೇನಾಪತಿಗಳನ್ನು ಗೇಲಿ ಮಾಡಿ ಜನರನ್ನು ನಗಿಸಿದ ಕೆಚ್ಚಿನ ಪತ್ರಿಕೆ. ೧೯೭೦ರ ಕೊನೆಯಲ್ಲಿ ಅದರ ಸಂಪಾದಕ ವರ್ಗದ ಬಹುಮಂದಿಯನ್ನು ಹಿಡಿದು ಸುಮಾರು ಎರಡು ತಿಂಗಳು ಜೈಲಿನಲ್ಲಿಟ್ಟಿದ್ದರು. ಅಂಥವರಿಗೆ ಬಾತ್ಮೀದಾರರ ಮೇಲೆ ಸಿಟ್ಟಿರುವುದು ಸಹಜ, ನ್ಯಾಯ ಕೂಡ. ಅವರು ಒಂದು ಕಪ್ಪು ಕೈಯ ಚಿತ್ರ ಹಾಕಿ, ಅದರ ಸೆಟೆದ ಬೆರಳನ್ನು ಸಿಮೊನಾಲ್‌ನ ಬೆರಳೆಂದು ಮೂದಲಿಸಿದರು. ಮರಕಾನಾಜಿನ್ಯೊದಲ್ಲಿ ಸಾವಿರಾರು ಜನರನ್ನು ಹಾಡಿಸಿದ ಬೆರಳಿಗೆ ಹೊಸ ಅರ್ಥ ಅಂಟಿತು, ಬಿಡಲಿಲ್ಲ.

ನಾವು ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಡಾಪ್ಸ್ ಹೇಳಿದ ಒಂದು ಮಾತನ್ನೂ ನಂಬದ ಎಡಪಂಥದ ಪತ್ರಕರ್ತರು ಈ ಒಂದು ಮಾತನ್ನು ಮಾತ್ರ ಏಕೆ ನಂಬಿದರು? ಯಾವ ಗಾಯಕನನ್ನು, ಯಾವ ಕಾರ್ಯಕರ್ತನನ್ನು ಸಿಮೊನಾಲ್ ತೋರಿಸಿಕೊಟ್ಟ? ಅವನಿಂದ ನಾನು ಹಿಡಿಯಲ್ಪಟ್ಟೆ ಎಂದು ಮುಂದೆ ಬಂದವರು ಯಾರೂ ಇಲ್ಲ. ಹಾಗಾದರೆ ನಂಬಿಕೆಗೆ ಬೇರೆ ಕಾರಣಗಳಿರಬೇಕು. ಅವನ ಉಲ್ಲಾಸದ ಹಾಡು ಅವರಿಗೆ ಮೊದಲಿನಿಂದಲೂ ಹಿಡಿಸುತ್ತಿರಲಿಲ್ಲ. ಅದರಲ್ಲಿ ಅಮೆರಿಕದ ವಾಸನೆ ಬರುತ್ತಿತ್ತು. (೧೯೬೭ರಲ್ಲಿ ಸಾವೊ ಪಾಲೊ ನಗರದಲ್ಲಿ ಗಾಯಕರೇ ಸೇರಿ ವಿದ್ಯುತ್ ಗಿಟಾರಿನ ವಿರುದ್ಧ ಮೆರವಣಿಗೆ ತೆಗೆದಿದ್ದರು! ಸಾಮ್ರಾಜ್ಯಶಾಹಿಯನ್ನು ಎದುರಿಸಲು ಬೇರೆ ಗುರಿ ಸಿಗಲಿಲ್ಲವೆಂದು ಕಾಣುತ್ತದೆ.) ಶೆಲ್ ಕಂಪನಿಯ ಹಣ, ಮರ್ಸಿಡಿಸ್ ಕಾರು, ಸೊಕ್ಕಿನ ಮಾತು ಇವೂ ಸೇರಿದವು. ಕರಿಯನೊಬ್ಬ ತನ್ನ ಜಾಗ ಮರೆತ ಎಂಬ ಅಸಹನೆ ಎಡಪಂಥೀಯರ ಎದೆಯಲ್ಲಿ ಇರಲಿಲ್ಲವೆಂದು ಎದೆಮುಟ್ಟಿ ಹೇಳುವವರು ಯಾರು? ಚಿತ್ರದ ಕೈಗೆ ಅಷ್ಟು ಗಾಢವಾಗಿ ಮಸಿ ಬಳಿದಿದ್ದರಲ್ಲ!

ಪತ್ರಕರ್ತರದು ಒಂದು ಪಾಲಾದರೆ ಧ್ವನಿಮುದ್ರಿಕೆ ಕಂಪನಿಗಳದು, ಟೆಲಿವಿಷನ್ ಒಡೆಯರದು ಇನ್ನೊಂದು. ಸೇನಾಡಳಿತದ ಕಾಲದಲ್ಲಿ ಬೆಳೆದು ಕೊಬ್ಬಿದ ಸಂಸ್ಥೆಗಳು ಅವು. ೧೯೭೦ರ ಫುಟ್ಬಾಲ್ ಗೆಲುವನ್ನು ಸೇನಾಧ್ಯಕ್ಷ ಮೆಡಿಸಿಯ ಗೆಲುವೆಂಬಂತೆ ಬಾಜಾ ಬಜಂತ್ರಿಯೊಡನೆ ಮೆರೆಸಿದಾಗ ಅವರಿಗೆ ಯಾವ ಅಳುಕೂ ಇರಲಿಲ್ಲ. ಸರ್ವಾಧಿಕಾರ ಸಡಿಲವಾಗುತ್ತ ಬಂದು ೧೯೮೫ರಲ್ಲಿ ಮುಗಿಯಿತು. ಕೈ ಕಟ್ಟಿ ನಿಂತಿದ್ದವರೆಲ್ಲ ತಾವು ಒಳಗಿಂದೊಳಗೆ ವಿರೋಧಿಗಳಾಗಿದ್ದೆವು ಎನ್ನತೊಡಗಿದರು. ಹಾಗೆನ್ನಲು ಯಾರಾದರೊಬ್ಬ ಹೊರಗೆ ನಿಲ್ಲಬೇಕಲ್ಲವೆ? ಸಿಮೊನಾಲ್ ನಿಂತ. ಅವನ ಹೊಸ ತಟ್ಟೆಗಳು ಬಂದರೂ ರೇಡಿಯೋದಲ್ಲಿ ಹಾಕುವವರಿಲ್ಲ. ದೊಡ್ಡ ವೇದಿಕೆಗಳು ಹೋಗಿ ಸಣ್ಣ ಕೂಟಗಳು ಉಳಿದವು. ಕುಡಿತ ಹೆಚ್ಚಿತು. ೧೯೯೦ರ ದಶಕದಲ್ಲಿ, ಗೂಢಚಾರ ಸಂಸ್ಥೆಯ ಕಡತಗಳಲ್ಲಿ ತಾನು ಬಾತ್ಮೀದಾರನಾಗಿದ್ದೆನೆಂಬ ದಾಖಲೆಯಿಲ್ಲ ಎಂಬ ಪ್ರಮಾಣಪತ್ರವನ್ನು ಸರಕಾರದಿಂದ ಪಡೆದ. ಅದನ್ನು ಹಿಡಿದು ತೋರಿಸುತ್ತ ತಿರುಗಿದ. ಕೇಳುವ ಆಸಕ್ತಿ ಯಾರಿಗೂ ಇರಲಿಲ್ಲ. ೨೦೦೦ನೆಯ ಇಸವಿಯ ಜೂನ್ ೨೫ರಂದು ಸಾವೊ ಪಾಲೊದಲ್ಲಿ, ೬೨ನೆಯ ವಯಸ್ಸಿನಲ್ಲಿ, ಪಿತ್ತಜನಕಾಂಗದ ಕಾಯಿಲೆಯಿಂದ ಸತ್ತ.

ಇತ್ತ ೧೯೭೯ರ ಕ್ಷಮಾದಾನ ಕಾಯಿದೆ ಸೆರೆಯಾಳುಗಳನ್ನೂ ದೇಶ ಬಿಟ್ಟವರನ್ನೂ ಬಿಡುಗಡೆ ಮಾಡಿದ ಕೈಯಿಂದಲೇ ಚಿತ್ರಹಿಂಸೆ ಮಾಡಿದವರನ್ನೂ ರಕ್ಷಿಸಿತು. ೨೦೧೦ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಕಾಯಿದೆಯನ್ನು ಎತ್ತಿಹಿಡಿಯಿತು. ತಂತಿ ಹಿಡಿದ ಕೈಗಳಿಗೆ ಪಿಂಚಣಿ, ಹಾಡುಗಾರನಿಗೆ ಬಹಿಷ್ಕಾರ!

ಹೀಗೆಂದ ಮಾತ್ರಕ್ಕೆ ಸಿಮೊನಾಲ್ ನಿರಪರಾಧಿ ಎನ್ನಲು ನಾವು ಸಿದ್ಧರಿಲ್ಲ. ಈಚಿನ ವರ್ಷಗಳಲ್ಲಿ ಅಲ್ಲಿ ನಡೆದಿರುವುದು ಇನ್ನೊಂದು ಬಗೆಯ ಮರೆವು. ೨೦೦೩ರಲ್ಲಿ ಬ್ರೆಜಿಲ್ ವಕೀಲರ ಸಂಘದ ಮಾನವ ಹಕ್ಕುಗಳ ಸಮಿತಿ ಬಾತ್ಮೀದಾರನೆಂಬ ಕಳಂಕದಿಂದ ಅವನ ಹೆಸರನ್ನು ಬಿಡಿಸಿತು. ಅದು ಸರಿಯಾದ ಕೆಲಸ. ಆದರೆ ಅಂದಿನಿಂದ, ಪಾಪ, ಸುಳ್ಳು ಆಪಾದನೆಗೆ ಬಲಿಯಾದ ಮಹಾ ಕಲಾವಿದ ಎಂಬ ಮಾತೇ ಬಾಯಿಂದ ಬಾಯಿಗೆ ಹರಡಿತು. ಯಾವ ಆಪಾದನೆ ಸುಳ್ಳು? ಬಾತ್ಮೀದಾರ ಎಂಬುದಕ್ಕೆ ಪುರಾವೆಯಿಲ್ಲ. ಕೂಲಿ ಕೇಳಿದ ನೌಕರನನ್ನು ಪೋಲೀಸರಿಗೆ ಒಪ್ಪಿಸಿ ಹಿಂಸೆಗೆ ಗುರಿಮಾಡಿದ ಎಂಬುದು ನ್ಯಾಯಾಲಯದಲ್ಲಿ ಶಿಕ್ಷೆಯಾದ ಸಂಗತಿ. ಹಿಂದೆ ಗಾಯಕನನ್ನು ಹಳಿಯುವವರಿಗೆ ಗುಮಾಸ್ತ ನೆಪವಾಗಿದ್ದ. ಆಮೇಲೆ ಹೊಗಳುವವರಿಗೆ ಅವನು ಅಡ್ಡಿಯಾದ. ಮೊದಲು ಬಂದ ವಿವಾದವೂ ಗಾಯಕನ ಹೆಸರಿನದೇ, ಆಮೇಲೆ ಬಂದ ಪಶ್ಚಾತ್ತಾಪವೂ ಗಾಯಕನ ಹೆಸರಿನದೇ.

ಆ ಲೆಕ್ಕಿಗ ಹಣ ತಿಂದಿದ್ದನೋ ಇಲ್ಲವೋ ಎಂದು ಕೆಲವರು ಈಗಲೂ ತರ್ಕ ಮಾಡುತ್ತಾರೆ. ತಿಂದಿದ್ದರೂ ವಿದ್ಯುತ್ ತಂತಿ ನ್ಯಾಯವಾಗುವುದಿಲ್ಲ. ಸೋರಿದ ಹಣದ ಲೆಕ್ಕ ಕೇಳುವ ಹಕ್ಕು ಸಿಮೊನಾಲ್‌ಗೆ ಇತ್ತು. ನಮ್ಮ ಅಂಗಡಿಕಾರ ಬಂಧುಗಳೂ ಆ ಹಕ್ಕನ್ನು ಬಿಟ್ಟುಕೊಡಬೇಕಾಗಿಲ್ಲ. ಅಡಿಗೆಯವಳ ಮಗನಾಗಿ, ಒಬ್ಬನ ಕೈಕೆಳಗೆ ತಾನೇ ಕಾರ್ಯದರ್ಶಿಯಾಗಿ ದುಡಿದವನಾಗಿ, ಧಣಿಯ ಕುರ್ಚಿಯಲ್ಲಿ ಕುಳಿತೊಡನೆ ಆತ ಧಣಿಗಳ ಕೆಟ್ಟ ವಿದ್ಯೆಯನ್ನೇ ಮೊದಲು ಕಲಿತ. ನಮ್ಮನ್ನು ನೋಯಿಸುವುದು ಇದು. ಕಾರ್ಮಿಕನ ಮಗ ಮೇಲೆ ಬಂದರೆ ಸಾಕು, ಶೋಷಣೆ ತಾನಾಗಿ ಅಳಿಯುತ್ತದೆ ಎಂದು ಭಾಷಣ ಮಾಡುವ ಪುಢಾರಿಗಳು ಈ ಕತೆಯನ್ನು ಕೇಳಲಿ.

ಸಿಮೊನಾಲ್‌ನ ಹಾಡು ಕೇಳಬಾರದೇ ಎಂದರೆ, ಧಾರಾಳವಾಗಿ ಕೇಳಬೇಕು. ಮಾಧುರ್ಯವೂ ನಗುವೂ ಕೂಡಿದ ಅಂಥ ಕಂಠ ಅಪರೂಪ. ೨೦೦೪ರಲ್ಲಿ ಓಡಿಯನ್ ಕಂಪನಿಗಾಗಿ ಅವನು ಹಾಡಿದ ಹಾಡುಗಳನ್ನೆಲ್ಲ ಒಂದು ಪೆಟ್ಟಿಗೆಯಾಗಿ ಮತ್ತೆ ಮಾರುಕಟ್ಟೆಗೆ ತಂದರು. ೧೯೬೧ರಲ್ಲಿ ಆರಂಭವಾಗುವ ಆ ಪೆಟ್ಟಿಗೆ ೧೯೭೧ಕ್ಕೆ ನಿಲ್ಲುತ್ತದೆ. ೨೦೦೯ರಲ್ಲಿ ಅವನ ಬಾಳಿನ ಮೇಲೆ ಒಂದು ಸಾಕ್ಷ್ಯಚಿತ್ರ ಬಂತು. ಗೆಳೆಯರು, ವಾದ್ಯಗಾರರು, ಪತ್ರಕರ್ತರು, ಮಕ್ಕಳು, ಫುಟ್ಬಾಲ್ ಆಟಗಾರ ಪೆಲೆ ಎಲ್ಲರೂ ಅದರಲ್ಲಿ ಮಾತನಾಡಿದರು. ಆ ಚಿತ್ರದ ನಡುವೆ ವಯಸ್ಸಾದ ಒಬ್ಬ ಲೆಕ್ಕಿಗನೂ ಬಂದು ಕುಳಿತು, ಆ ರಾತ್ರಿ ಡಾಪ್ಸ್ ಕಚೇರಿಯಲ್ಲಿ ತನಗೆ ಏನು ಮಾಡಿದರೆಂಬುದನ್ನು ತನ್ನ ಬಾಯಿಂದಲೇ ಹೇಳಿದ.